ಗಲ್ಲಿಗೇರಿದವನ ಮನೆಯವರು ಏನಾದರು?

ಕಳೆದ ಸಲ ಹುಬ್ಬಳ್ಳಿಗೆ ಹೋದಾಗ ಮನೆಯಲ್ಲಿ ಎಲ್ಲರೂ ಟೀವಿ ಮುಂದೆ ಕೂತಿದ್ವಿ. ಯಾವುದೋ ಐತಿಹಾಸಿಕ ಧಾರಾವಾಹಿ. ನಾಯಕನನ್ನು ಗಲ್ಲಿಗೇರಿಸುವ ದೃಶ್ಯ. ನಿಧಾನದ ನಡಿಗೆ, ಜೋರು ಸಂಗೀತ, ಕೊನೆಯ ಘೋಷಣೆ... ಮುಗೀತು. ಅವ್ವ ಕೇಳಿದ್ಲು, "ಅಲ್ಲೋ, ಅವನ ಅವ್ವ, ಹೇಣ್ತಿ ಮುಂದ ಏನಾದ್ರು? ತೋರಿಸಲೇ ಇಲ್ಲಲ್ಲ?"

ಆ ಪ್ರಶ್ನೆಗೆ ನಮ್ಮೂರ ಹತ್ತಿರವೇ ಒಂದು ಉತ್ತರ ಇದೆ. ಹುಬ್ಬಳ್ಳಿಯಿಂದ ವಿಜಯಪುರದ ಬಸ್ಸು ಹತ್ತಿದರೆ, ನವಲಗುಂದ ದಾಟಿದ ಮೇಲೆ ಎರೆ ಹೊಲಗಳ ನಡುವೆ ಒಂದು ಗುಡ್ಡ ಕಾಣುತ್ತೆ. ಅದೇ ನರಗುಂದ. 1980ರ ರೈತ ಬಂಡಾಯದಿಂದ ಈ ಊರು ಎಲ್ಲರಿಗೂ ಗೊತ್ತು. ನಾನು ಹೇಳ್ತಿರೋದು 1858ರ ಬಂಡಾಯದ ಕಥೆ.

ಭಾವೆ ಮನೆತನದ ಭಾಸ್ಕರರಾವ್ ಅಲ್ಲಿನ ಸಂಸ್ಥಾನಿಕ. ಜನರ ಬಾಯಲ್ಲಿ ಬಾಬಾಸಾಹೇಬ. ಸಾವಿರಾರು ಗ್ರಂಥಗಳನ್ನು ಕೂಡಿಟ್ಟಿದ್ದ ಓದುಗ. ಮಗನಿರಲಿಲ್ಲ. ದತ್ತು ತೆಗೆದುಕೊಳ್ಳೋಕೆ ಕಂಪನಿ ಸರ್ಕಾರ ಒಪ್ಪಲಿಲ್ಲ. ಅಂದರೆ ಅವನ ನಂತರ ಸಂಸ್ಥಾನವೇ ಇಲ್ಲ. ಗಮನಿಸಿ, ಈ ಜಗಳದ ಬೇರು ಇರೋದೇ ಮನೆಯೊಳಗೆ.

ಮುಂಡರಗಿ ಭೀಮರಾಯನ ಬಂಡಾಯದ ಜೊತೆಗೇ ನರಗುಂದವೂ ಎದ್ದಿತು. ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್ ನರಗುಂದದ ಕಡೆ ಹೊರಟ. ದಾರಿಯಲ್ಲಿ ಸಿಕ್ಕ ರಾಮದುರ್ಗದ ಸಂಸ್ಥಾನಿಕನೂ ಭಾವೆ ಮನೆತನದವನೇ, ವರಸೆಯಲ್ಲಿ ಅಣ್ಣತಮ್ಮಂದಿರು. ಅವನು ಬಾಬಾಸಾಹೇಬನಿಂದ ಬಂದಿದ್ದ ಬಂಡಾಯದ ಪತ್ರವನ್ನು ಮ್ಯಾನ್ಸನ್ನನಿಗೆ ತೋರಿಸಿಬಿಟ್ಟ!

ಮೇ 29ರ ರಾತ್ರಿ ಸುರೇಬಾನದಲ್ಲಿ ತಂಗಿದ್ದ ಮ್ಯಾನ್ಸನ್ನನನ್ನು ಬಾಬಾಸಾಹೇಬನ ಕಡೆಯವರು ಕೊಂದರು. ರುಂಡವನ್ನು ತಂದು ನರಗುಂದದ ಅಗಸೆಗೆ ತೂಗುಹಾಕಿದರು. ಧಾರಾವಾಹಿ ಮಾಡುವವರು ಇದನ್ನು ಮರೆಮಾಚಬಾರದು ಅನ್ನೋದು ನನ್ನ ಅಭಿಪ್ರಾಯ. ನಮ್ಮವನು ಅಂದ ಮಾತ್ರಕ್ಕೆ ಅವನ ಕೈಗೆ ರಕ್ತವೇ ಅಂಟಿರಲಿಲ್ಲ ಅಂತ ತೋರಿಸಿದರೆ ಅದು ಇತಿಹಾಸ ಆಗಲ್ಲ.

ಕರ್ನಲ್ ಮಾಲ್ಕಮ್‌ನ ಪಡೆ ಬಂದು ಕೋಟೆ ಹಿಡಿಯಿತು. ಪಂಢರಪುರದ ಯಾತ್ರಿಕನ ವೇಷದಲ್ಲಿದ್ದ ಬಾಬಾಸಾಹೇಬ ಜೂನ್ 2ರಂದು ತೊರಗಲ್ ಕಾಡಿನಲ್ಲಿ ಸೆರೆ ಸಿಕ್ಕ. ಬೆಳಗಾವಿಯಲ್ಲಿ ವಿಚಾರಣೆ, ಜೂನ್ 12ಕ್ಕೆ ಗಲ್ಲು. ಸುರೇಬಾನದ ಆ ರಾತ್ರಿಯಿಂದ ಬರೀ 14 ದಿನ.

ಈಗ ಅವ್ವನ ಪ್ರಶ್ನೆ. ಬಾಬಾಸಾಹೇಬನ ತಾಯಿ ಮತ್ತು ಹೆಂಡತಿ ಮಲಪ್ರಭೆಗೆ ಹಾರಿ ಪ್ರಾಣ ಬಿಟ್ಟರು. ಅತ್ತೆ ಸೊಸೆ ಇಬ್ಬರೂ. ಸಂಸ್ಥಾನವನ್ನು ಸರ್ಕಾರ ವಶಪಡಿಸಿಕೊಂಡಿತು. ದತ್ತಕದಿಂದ ಉಳಿಯಬೇಕಿದ್ದ ಮನೆಯಲ್ಲಿ ದೀಪ ಹಚ್ಚೋರೂ ಇಲ್ಲದಂತಾಯಿತು.

ಇದು ಅರಮನೆಯವರ ಕಥೆ. ಅದಕ್ಕೆ ಆರು ತಿಂಗಳ ಹಿಂದೆ, 1857ರ ಡಿಸೆಂಬರಿನಲ್ಲಿ, ಹಲಗಲಿಯ 19 ಬೇಡರನ್ನು ಗಲ್ಲಿಗೇರಿಸಿದ್ದರು. ಅವರ ಬಗ್ಗೆ ಲಾವಣಿ ಉಳಿದಿದೆ. ಆದರೆ ಆ ಗುಡಿಸಲುಗಳಲ್ಲಿ ಉಳಿದ ತಾಯಂದಿರು ಮರುದಿನ ಒಲೆ ಹಚ್ಚಿದರಾ?

ನಮ್ಮ ಪಠ್ಯಪುಸ್ತಕದಲ್ಲಿ "ಗಲ್ಲಿಗೇರಿಸಲಾಯಿತು" ಅನ್ನೋ ಪದದ ಮುಂದೆ ಪೂರ್ಣವಿರಾಮ ಇರುತ್ತಿತ್ತು. ಎರಡು ಅಂಕಕ್ಕೆ ಅಷ್ಟು ಸಾಕಿತ್ತು. ಧಾರಾವಾಹಿಯೂ ಅಲ್ಲೇ ನಿಂತರೆ ಹೇಗೆ? ದಿನಕ್ಕೆ ಅರ್ಧ ಗಂಟೆ ಕೈಯಲ್ಲಿರುವವರು ಒಂದೇ ಒಂದು ಕಂತನ್ನಾದರೂ ಮಲಪ್ರಭೆಯ ದಂಡೆಯ ಮೇಲೆ ತೆಗೆಯಬಹುದಲ್ಲ?

ಇದನ್ನೆಲ್ಲ ಅವ್ವನಿಗೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನರಗುಂದದ ಮ್ಯಾಲೆ ಎಷ್ಟ ಸಲ ಹಾದ ಹೋಗೇವಿ... ಯಾರೂ ಹೇಳಲಿಲ್ಲ ನೋಡು" ಅಂದಳು.

ನಿಮ್ಮ ಊರ ಕಡೆ ಇಂಥ ಕಥೆ ಇದ್ದರೆ ನೀವೂ ಬರೀರಿ.