ಹೂತ ಬಂಡಿಯನ್ನು ಎತ್ತುವ ವಿದ್ಯೆ

ಬಂಡಿಯನ್ನು ಕಟ್ಟಿಸಿದವನ ಹೆಸರು ಕೆಲವು ವೇಳೆ ಶಾಸನದಲ್ಲಿ ಉಳಿಯುತ್ತದೆ. ಬಂಡಿಯಲ್ಲಿ ಕುಳಿತು ಹೋದ ದೊರೆಯ ಹೆಸರಂತೂ ಉಳಿದೇ ಉಳಿಯುತ್ತದೆ. ಆದರೆ ಕೆಸರಿನಲ್ಲಿ ಅಚ್ಚಿನ ಮಟ್ಟ ಹೂತ ಬಂಡಿಯನ್ನು ಮೇಲಕ್ಕೆತ್ತಿ ಮತ್ತೆ ದಾರಿಗೆ ತಂದವನ ಹೆಸರನ್ನು ಬರೆದಿಟ್ಟವರು ವಿರಳ. ಅವನು ಬರುತ್ತಾನೆ, ಹಗ್ಗ ಬಿಗಿಯುತ್ತಾನೆ, ಎಳೆಯುತ್ತಾನೆ, ಕೂಲಿ ಪಡೆದು ಹೊರಟುಹೋಗುತ್ತಾನೆ. ದಾರಿ ತೆರವಾದ ಮೇಲೆ ಅವನನ್ನು ನೆನೆಯುವವರಾರು? ಆದರೂ ರಾಜ್ಯಗಳ ಏಳುಬೀಳುಗಳು ಒಮ್ಮೊಮ್ಮೆ ಈ ಅನಾಮಿಕನ ಕೈಯಲ್ಲಿಯೇ ಇದ್ದವೆಂಬುದಕ್ಕೆ ಮಾಗಡಿಯ ಸೀಮೆಯೇ ಸಾಕ್ಷಿ.

ಇಂದು ಮಾಗಡಿಯ ಸುತ್ತಿನ ರಸ್ತೆಗಳಲ್ಲಿ ಕಲ್ಲು, ಜಲ್ಲಿ, ಮರಳುಗಳನ್ನು ಹೊತ್ತ ಭಾರದ ಲಾರಿಗಳು ಓಡಾಡುತ್ತವೆ. ಉತ್ತರದಲ್ಲಿ ನೆಲಮಂಗಲ-ಕುಣಿಗಲ್ ಹೆದ್ದಾರಿ. ದಕ್ಷಿಣದಲ್ಲಿ ಬಿಡದಿ, ರಾಮನಗರ, ಚನ್ನಪಟ್ಟಣಗಳ ಬಗಲಲ್ಲಿ ಹಾದು ಹೋಗುವ, 2023ರಲ್ಲಿ ಉದ್ಘಾಟನೆಯಾದ ಬೆಂಗಳೂರು-ಮೈಸೂರು ಹೊಸ ಹೆದ್ದಾರಿ. ಲಾರಿ ಇದ್ದಲ್ಲಿ ಮಗುಚುವ ಲಾರಿಯೂ ಉಂಟು, ಹಳ್ಳಕ್ಕಿಳಿಯುವ ಲಾರಿಯೂ ಉಂಟು. ಅದನ್ನು ಎತ್ತುವ ಕ್ರೇನಿನವರ ಕಸುಬನ್ನು ಜನ ಈಗ ‘ರಿಕವರಿ’ ಎಂದು ಕರೆಯುತ್ತಾರೆ. ಹೆಸರು ಹೊಸದು, ವಿದ್ಯೆ ಹಳೆಯದು. ಹೆಚ್ಚಿನ ಮಟ್ಟಿಗೆ ಅದು ಇಂದಿಗೂ ಹಳೆಯ ರೀತಿಯಲ್ಲಿಯೇ, ತಂದೆಯಿಂದ ಮಗನಿಗೆ, ಮೇಸ್ತ್ರಿಯಿಂದ ಹುಡುಗನಿಗೆ, ಕಣ್ಣಿನಿಂದ ಕೈಗೆ ಇಳಿದು ಬರುತ್ತಿದೆ.

ಇನ್ನೂರಕ್ಕೂ ಮಿಕ್ಕ ವರ್ಷಗಳ ಹಿಂದಿನ ಒಂದು ಪ್ರಸಂಗವನ್ನು ನೋಡೋಣ. 1791ರ ಮಾರ್ಚಿಯಲ್ಲಿ ಲಾರ್ಡ್ ಕಾರ್ನ್‌ವಾಲಿಸ್ ಬೆಂಗಳೂರಿನ ಕೋಟೆಯನ್ನು ಹಿಡಿದ. ಮೇ ತಿಂಗಳಲ್ಲಿ ಶ್ರೀರಂಗಪಟ್ಟಣದ ಹತ್ತಿರ ಅರಕೆರೆಯ ಬಳಿ ಟಿಪ್ಪುವಿನ ಸೈನ್ಯದೊಡನೆ ಕಾದಿ ಮೇಲುಗೈಯನ್ನೂ ಪಡೆದ. ಕೋಟೆ ಕಣ್ಣೆದುರಿಗಿತ್ತು. ಆದರೆ ಅದನ್ನು ಒಡೆಯಬೇಕಾದ ದೊಡ್ಡ ಫಿರಂಗಿಗಳನ್ನು ಎಳೆಯಲು ಎತ್ತುಗಳಿರಲಿಲ್ಲ. ಮೇವಿಲ್ಲದೆ, ಮಳೆಗೆ ಸಿಕ್ಕಿ, ರೋಗ ತಗುಲಿ ಅವು ಸಾವಿರಗಟ್ಟಲೆಯಾಗಿ ಸತ್ತಿದ್ದವು. ಕಾವೇರಿಯ ದಡದ ಕನ್ನಂಬಾಡಿಯವರೆಗೆ ಹೇಗೋ ಏಗಿಕೊಂಡು ಹೋದ ಸೈನ್ಯ ಅಲ್ಲಿ ನಿಂತಿತು. ಕೊನೆಗೆ ಕಾರ್ನ್‌ವಾಲಿಸ್ ತನ್ನ ಫಿರಂಗಿಗಳನ್ನು ತಾನೇ ಒಡೆಸಿ ಹಾಳುಮಾಡಿ, ಬರಿಗೈಯಲ್ಲಿ ಬೆಂಗಳೂರಿನ ಕಡೆಗೆ ತಿರುಗಿದ. ಗೆದ್ದ ದಂಡು ಸೋತವರಂತೆ ಹಿಮ್ಮೆಟ್ಟಿತು. ಅದನ್ನು ಸೋಲಿಸಿದ್ದು ಕತ್ತಿಯಲ್ಲ, ಕೆಸರು. ಆ ಕನ್ನಂಬಾಡಿಯ ಹಳೆಯ ಊರು ಮುಂದೆ ಕೃಷ್ಣರಾಜಸಾಗರದ ನೀರಿನಲ್ಲಿ ಮುಳುಗಿತು.

ಅದೇ ವರ್ಷದ ಡಿಸೆಂಬರಿನಲ್ಲಿ ಎರಡನೆಯ ಅಂಕ ನಡೆದದ್ದು ಮಾಗಡಿಯಲ್ಲಿ. ಬೆಂಗಳೂರಿನಿಂದ ಶ್ರೀರಂಗಪಟ್ಟಣಕ್ಕೆ ಹೋಗುವ ಸಾಮಗ್ರಿಯ ದಾರಿಗೆ ಸಾವನದುರ್ಗ ಪಕ್ಕದ ಮುಳ್ಳಿನಂತಿತ್ತು. ಕರಿಗುಡ್ಡ, ಬಿಳಿಗುಡ್ಡ ಎಂಬ ಎರಡು ಶಿಖರಗಳ ಆ ಬಂಡೆ ಸಮುದ್ರಮಟ್ಟಕ್ಕೆ ಸುಮಾರು 4,000 ಅಡಿ ಎತ್ತರ. ಸುತ್ತಲೂ ಬಿದಿರಿನ ಮೆಳೆ. ಹಿಂದೆ ಕೆಂಪೇಗೌಡರ ವಂಶದವರ ಆಶ್ರಯವಾಗಿದ್ದು, 1728ರಲ್ಲಿ ಮೈಸೂರಿನ ದಳವಾಯಿ ದೇವರಾಜಯ್ಯನ ಕೈಸೇರಿದ ದುರ್ಗ ಅದು. ಡಿಸೆಂಬರ್ 10ರಂದು ಕರ್ನಲ್ ಸ್ಟುವರ್ಟನ ಪಡೆ ದುರ್ಗದ ಸಮೀಪ ಬೀಡುಬಿಟ್ಟಿತು. ಕಾಳಗಕ್ಕಿಂತ ಮೊದಲು ನಡೆಯಬೇಕಾದ ಕಾಳಗ ಬೇರೊಂದಿತ್ತು: ಫಿರಂಗಿಗಳನ್ನು ಬಂಡೆಯ ಬುಡಕ್ಕೆ ಒಯ್ಯುವುದು. ಈ ಯುದ್ಧದ ವೃತ್ತಾಂತವನ್ನು 1793ರಲ್ಲಿ ಪ್ರಕಟಿಸಿದ ಮೇಜರ್ ಡಿರೋಮ್, ಬೀಡಿನಿಂದ ಬೆಟ್ಟದ ಬುಡದವರೆಗೆ ಫಿರಂಗಿಯ ದಾರಿ ಮಾಡುವುದಕ್ಕೂ, ಕಲ್ಲುಗುಡ್ಡಗಳ ಮೇಲೆ, ಬಿದಿರು ಕಾಡಿನ ನಡುವೆ ಅವುಗಳನ್ನು ಎಳೆದು ತರುವುದಕ್ಕೂ ಹಲವು ದಿನಗಳ ಅಪಾರ ಶ್ರಮ ಹಿಡಿಯಿತೆಂದು ಬರೆದಿದ್ದಾನೆ. 17ರಂದು ಗುಂಡಿನ ದಾಳಿ ಆರಂಭವಾಯಿತು. 21ರಂದು ದುರ್ಗ ಬಿದ್ದಿತು. ಗೋಡೆ ಒಡೆದದ್ದು ನಾಲ್ಕೇ ದಿನಗಳಲ್ಲಿ. ಫಿರಂಗಿಗಳು ಅಲ್ಲಿಗೆ ಬಂದು ಮುಟ್ಟಿದ ಕ್ಷಣದಲ್ಲಿಯೇ ದುರ್ಗದ ಹಣೆಬರಹ ನಿಶ್ಚಯವಾಗಿತ್ತೆಂದು ಹೇಳಬಹುದು.

ಮುತ್ತಿಗೆಯ ಫಿರಂಗಿಯೊಂದರ ಕೊಳವೆಯೇ ಎರಡು ಟನ್ನಿಗೂ ಹೆಚ್ಚು ತೂಗುತ್ತಿತ್ತು. ಅದಕ್ಕೆ ಜೋಡಿ ಜೋಡಿಯಾಗಿ ಎತ್ತುಗಳನ್ನು ಕಟ್ಟುತ್ತಿದ್ದರು. ಅಂದಿನ ದಂಡುಗಳಲ್ಲಿ ಚಕ್ರ ಕಚ್ಚಿಕೊಂಡಾಗ ಹಿಂದಿನಿಂದ ಆನೆ ಬಂದು ಹಣೆಯಿಟ್ಟು ನೂಕುತ್ತಿತ್ತು. ಎಳೆಯುವುದು, ನೂಕುವುದು, ಮೀಟುವುದು ಮೂರೂ ಒಂದೇ ಕ್ಷಣದಲ್ಲಿ ಕೂಡಿಬಂದಾಗ ಮಾತ್ರ ಹೂತದ್ದು ಏಳುತ್ತದೆ. ಇಂದಿನ ಕ್ರೇನಿನವನು ಮಾಡುವುದೂ ಇದನ್ನೇ.

ಇಂಥ ಎಳೆಯುವ ಶಕ್ತಿಯನ್ನು ಒಂದು ಶಾಸ್ತ್ರವಾಗಿ ಬೆಳೆಸಿದ್ದು ಮೈಸೂರಿನವರೇ. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಮೊದಲಾದ ‘ಬೆಣ್ಣೆ ಚಾವಡಿ’ ಅರಮನೆಗೆ ಹಾಲು ಬೆಣ್ಣೆ ಒದಗಿಸುವ ದನಗಳ ಇಲಾಖೆ. ಹೈದರಾಲಿ ಅದನ್ನು ಫಿರಂಗಿ ಎಳೆಯುವ ಎತ್ತುಗಳ ಇಲಾಖೆಯನ್ನಾಗಿ ಬಲಪಡಿಸಿದ. 1781ರಲ್ಲಿ ಚಿದಂಬರದ ರಕ್ಷಣೆಗೆ ಅವನು ಎರಡೂವರೆ ದಿನಗಳಲ್ಲಿ 100 ಮೈಲಿ ನಡೆದದ್ದೂ, ಸೋತಾಗಲೂ ಶತ್ರುವಿನ ಕಣ್ಣೆದುರಿಗೇ ತನ್ನ ಫಿರಂಗಿಗಳನ್ನು ಬಿಡಿಸಿಕೊಂಡು ಹೋಗುತ್ತಿದ್ದುದೂ ಈ ಎತ್ತುಗಳಿಂದಲೇ ಎಂದು ಮೈಸೂರಿನ ಗೆಝೆಟಿಯರ್ ಹೇಳುತ್ತದೆ. ತಂದೆಯ ಈ ಪಾಠವನ್ನು ಮಗ ಟಿಪ್ಪು ಮರೆಯಲಿಲ್ಲ. ಇಲಾಖೆಗೆ ‘ಅಮೃತ ಮಹಲ್’ ಎಂದು ಹೆಸರಿಟ್ಟು, ಅದರ ಆಡಳಿತಕ್ಕೆ ಹುಕುಂನಾಮೆಯನ್ನು ಹೊರಡಿಸಿದ. 1783ರಲ್ಲಿ ಬಿದನೂರನ್ನು ಮರಳಿ ಪಡೆಯಲು ಒಂದು ತಿಂಗಳಲ್ಲಿ ಪರ್ಯಾಯದ್ವೀಪವನ್ನು ಅಡ್ಡಹಾಯ್ದು ಬಂದ. 1799ರ ಬಳಿಕ ಈ ಮಂದೆಗಳು ಇಂಗ್ಲಿಷರ ಉಪಯೋಗಕ್ಕೆ ಬಂದವು. ಮುಂದೆ ವೆಲಿಂಗ್ಟನ್ ಡ್ಯೂಕನಾದ ಆರ್ಥರ್ ವೆಲ್ಲೆಸ್ಲಿ, ಸ್ಪೇನಿನ ಯುದ್ಧಭೂಮಿಯಲ್ಲಿ ಮೈಸೂರಿನ ಎತ್ತುಗಳನ್ನು ನೆನೆದು ಹಂಬಲಿಸಿದನಂತೆ.

ಅಮೃತ ಮಹಲಿನ ಮೂಲ ಹಳ್ಳಿಕಾರ್ ತಳಿ. ಮಾಗಡಿ, ರಾಮನಗರ, ಚನ್ನಪಟ್ಟಣ, ಕುಣಿಗಲ್ಲುಗಳ ರೈತನ ಮನೆಯ ಹೆಮ್ಮೆ ಅದು. ತಿರುಮಲೆಯ ರಂಗನಾಥಸ್ವಾಮಿಯ ಜಾತ್ರೆಗೆ ಬರುವ ಜೋಡಿಗಳನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೋರಿಯನ್ನು ಪಳಗಿಸುವ ಕ್ರಮವನ್ನು ಗಮನಿಸಿರಿ. ಎರಡು ಎಳೆಯ ಹೋರಿಗಳನ್ನು ಒಂದೇ ನೊಗಕ್ಕೆ ಹೂಡುವುದಿಲ್ಲ. ಹಾಗೆ ಮಾಡಿದರೆ ಎರಡೂ ಕೆಡುತ್ತವೆ. ಪಳಗಿದ ಎತ್ತಿನ ಜೊತೆಗೆ ಹೋರಿಯನ್ನು ಕಟ್ಟುತ್ತಾರೆ. ಮೊದಲು ಖಾಲಿ ನೊಗ, ಆಮೇಲೆ ಹಗುರವಾದ ಕೊರಡು, ಆಮೇಲೆ ಬರಿಯ ಗಾಡಿ, ಕೊನೆಗೆ ಭಾರ. ಎಲ್ಲಿ ಜಗ್ಗಬೇಕು, ಎಲ್ಲಿ ಕಾಯಬೇಕು ಎಂಬುದನ್ನು ಹೋರಿ ಮನುಷ್ಯನಿಂದ ಕಲಿಯುವುದಕ್ಕಿಂತ ಹೆಚ್ಚಾಗಿ ಪಕ್ಕದ ಎತ್ತಿನ ಹೆಗಲಿನಿಂದ ಕಲಿಯುತ್ತದೆ. ರೈತನ ಮಗನೂ ಹಾಗೆಯೇ ಕಲಿತ. ಅಪ್ಪ ಮೂಕಿಯ ಮೇಲೆ, ಮಗ ಅಪ್ಪನ ಪಕ್ಕದಲ್ಲಿ.

ಭಾರವನ್ನು ಸಾಗಿಸುವ ವಿದ್ಯೆ ದಂಡಿನವರದೊಂದೇ ಆಗಿರಲಿಲ್ಲ. 1432ರಲ್ಲಿ ಕಾರ್ಕಳದ ಗೊಮ್ಮಟನನ್ನು ಬೇರೆಡೆ ಕೆತ್ತಿ, ಇಪ್ಪತ್ತು ಕಬ್ಬಿಣದ ಬಂಡಿಗಳ ಸಾಲಿನ ಮೇಲೆ ಮಲಗಿಸಿ, ಅಸಂಖ್ಯ ಜನ ಹಗ್ಗ ಹಿಡಿದು ಬಂಡೆಯ ಮೇಲಕ್ಕೆ ಎಳೆದರೆಂದು ಹಳೆಯ ಕಥನ. 41 ಅಡಿಗೂ ಮಿಕ್ಕ ಆ ವಿಗ್ರಹ ಸುಮಾರು 80 ಟನ್ ತೂಗಬಹುದೆಂದು ಅಂದಾಜು. ಐದು ಶತಮಾನಗಳ ಮೇಲೆ, 1973ರಲ್ಲಿ, ರೆಂಜಾಳ ಗೋಪಾಲ ಶೆಣೈಯವರು ಕಾರ್ಕಳದಲ್ಲಿ ಕೆತ್ತಿದ 39 ಅಡಿಯ ಬಾಹುಬಲಿ ಅದೇ ಊರಿನಿಂದ ಧರ್ಮಸ್ಥಳಕ್ಕೆ ಹೊರಟ. ಈ ಸಲ ಎತ್ತೂ ಇಲ್ಲ, ಜನರ ಹಗ್ಗವೂ ಇಲ್ಲ. 64 ಚಕ್ರಗಳ ಟ್ರೈಲರ್. ಆದರೂ ಪ್ರಶ್ನೆಗಳು ಹಳೆಯವೇ: ನೆಲ ತಾಳುವುದೆ? ಸೇತುವೆ ಹೊರುವುದೆ? ತಿರುವಿನಲ್ಲಿ ಭಾರ ಯಾವ ಕಡೆಗೆ ವಾಲುವುದು? ನಮ್ಮ ನಾಡಿನ ಕೆರೆಕಟ್ಟೆಗಳಿಗೆ ಕಲ್ಲು ಸಾಗಿಸಿದ ಭೋವಿ ಸಮುದಾಯದವರು, ತೇರಿನ ಚಕ್ರಕ್ಕೆ ಮರದ ದಿಮ್ಮಿ ಕೊಟ್ಟು ದಿಕ್ಕು ತಿರುಗಿಸುವ ಊರೂರ ಜನರು, ಈ ಪ್ರಶ್ನೆಗಳಿಗೆ ಪುಸ್ತಕವಿಲ್ಲದೆ ಉತ್ತರ ಕಂಡುಕೊಂಡಿದ್ದರು.

ಮೋಟಾರು ಬಂದ ಮೇಲೆ ವಿದ್ಯೆಗೆ ಹೊಸ ಅಂಗಿ ತೊಡಿಸಬೇಕಾಯಿತು. ಅಮೆರಿಕದ ಚಟ್ಟನೂಗ ಎಂಬ ಊರಿನಲ್ಲಿ ಅರ್ನೆಸ್ಟ್ ಹೋಮ್ಸ್ ಎಂಬ ಗ್ಯಾರೇಜಿನವನು, ತೊರೆಗೆ ಬಿದ್ದ ಕಾರೊಂದನ್ನು ಆರೇಳು ಜನರೊಡನೆ ಗಂಟೆಗಟ್ಟಲೆ ಹೆಣಗಿ ಎತ್ತಿದನಂತೆ. ಆ ಪಾಡು ಇನ್ನೊಮ್ಮೆ ಬೇಡವೆಂದು 1916ರಲ್ಲಿ ಹಳೆಯ ಕ್ಯಾಡಿಲಾಕ್ ಕಾರಿನ ಮೇಲೆ ಮೂರು ಕಂಬ, ಒಂದು ರಾಟೆ, ಒಂದು ಸರಪಳಿ ಕೂಡಿಸಿ ಎತ್ತುವ ಗಾಡಿಯನ್ನು ಮಾಡಿದ. ಅವನ ಬಳಿಕ ಮಗನೂ ಮೊಮ್ಮಗನೂ ಅದೇ ಕಸುಬನ್ನು ಹಿಡಿದರು. ಅಲ್ಲಿಯೂ ಇದು ಮನೆಯ ವಿದ್ಯೆಯೇ ಆಯಿತು. ಎರಡನೆಯ ಮಹಾಯುದ್ಧದಲ್ಲಿ ಹೋಮ್ಸ್ ಕ್ರೇನುಗಳನ್ನು ಹೊತ್ತ ಮಿಲಿಟರಿ ಲಾರಿಗಳು ದೇಶದೇಶಗಳ ಕೆಸರನ್ನು ಕಂಡವು. ಕೆಟ್ಟು ನಿಂತ ವಾಹನಗಳನ್ನು ಎಳೆದು ತರುವ ಕೆಲಸಕ್ಕಾಗಿ ನಮ್ಮ ಸೈನ್ಯದಲ್ಲಿಯೂ 1943ರಲ್ಲಿ ಪ್ರತ್ಯೇಕ ಯಂತ್ರವಿದ್ಯಾ ದಳ ಏರ್ಪಟ್ಟಿತು. ಯುದ್ಧ ಮುಗಿದ ಮೇಲೆ ‘ಡಿಸ್ಪೋಸಲ್’ ಎಂದು ಮಾರಾಟವಾದ ಮಿಲಿಟರಿ ಲಾರಿಗಳು ಗ್ಯಾರೇಜುಗಳಿಗೆ ಬಂದವು. ಹಳೆಯ ಚಾಸಿಯ ಮೇಲೆ ಕಬ್ಬಿಣದ ತೊಲೆ ನಿಲ್ಲಿಸಿ ಕ್ರೇನು ಕಟ್ಟುವ ಜಾಣತನವನ್ನು ನಮ್ಮ ಮೆಕ್ಯಾನಿಕ್ಕುಗಳು ಬೇಗನೆ ಕಲಿತರು.

ಹಾಗಾದರೆ ತಂದೆ ಮಗನಿಗೆ ಕಲಿಸುವುದಾದರೂ ಏನನ್ನು? ಹೊರಗಿನಿಂದ ನೋಡುವವನಿಗೆ ಇದು ಬಲದ ಕೆಲಸ. ಒಳಗಿನವನಿಗೆ ಇದು ಲೆಕ್ಕದ ಕೆಲಸ. ಮೊದಲನೆಯ ಪಾಠ, ಕೈ ಹಾಕುವ ಮುನ್ನ ಗಾಡಿಯ ಸುತ್ತ ಒಂದು ಪ್ರದಕ್ಷಿಣೆ. ಯಾವ ಚಕ್ರ ಎಷ್ಟು ಹೂತಿದೆ, ಸರಕು ಯಾವ ಕಡೆಗೆ ಜರುಗಿದೆ, ಡೀಸೆಲ್ ಸೋರುತ್ತಿದೆಯೆ, ಮೇಲೆ ವಿದ್ಯುತ್ ತಂತಿಯಿದೆಯೆ, ಹಿಡಿದುಕೊಳ್ಳಲು ಎದುರಿಗೆ ಗಟ್ಟಿ ನೆಲೆ ಯಾವುದಿದೆ. ಎರಡನೆಯದು ತೂಕದ ಅಂದಾಜು. ಎರಡು ಅಚ್ಚಿನ ಲಾರಿ ಸರಕು ಸೇರಿ 18.5 ಟನ್ ತೂಗಬಹುದೆಂದು 2018ರ ನಿಯಮ. ಸೈನಿಕರ ಕೈಪಿಡಿಯ ಸೂತ್ರದಂತೆ ಚಕ್ರ ಗುಂಬದವರೆಗೆ ಹೂತಿದ್ದರೆ ಕೆಸರಿನ ಹಿಡಿತ ಗಾಡಿಯ ತೂಕದಷ್ಟೇ. ಮಡ್‌ಗಾರ್ಡ್‌ವರೆಗೆ ಹೂತಿದ್ದರೆ ಅದರ ಎರಡರಷ್ಟು. ಇನ್ನೂ ಮೇಲೆ ಹೋದರೆ ಮೂರರಷ್ಟು. ಅಂದರೆ 18.5 ಟನ್ನಿನ ಲಾರಿ 37 ಟನ್ನಿನದಾಗುತ್ತದೆ! ಹೀಗಿರುವಲ್ಲಿ ಮೊದಲ ಆಯುಧ ಕ್ರೇನಲ್ಲ, ಗುದ್ದಲಿ. ಚಕ್ರದ ಮುಂದಿನ ಮಣ್ಣನ್ನು ಅರ್ಧ ಗಂಟೆ ಬಗೆದವನು ಟನ್ನುಗಟ್ಟಲೆ ಭಾರವನ್ನು ಇಳಿಸಿದಂತೆ.

ಮೂರನೆಯ ಪಾಠ ಹಗ್ಗದ್ದು. ಒಂದೇ ಎಳೆಯ ಹಗ್ಗವನ್ನು ರಾಟೆಯಲ್ಲಿ ತಿರುಗಿಸಿ ಎರಡೆಳೆ ಮಾಡಿದರೆ ಎಳೆತದ ಬಲ ಸುಮಾರು ಇಮ್ಮಡಿಯಾಗುತ್ತದೆ, ವೇಗ ಅರ್ಧಕ್ಕಿಳಿಯುತ್ತದೆ. ರಾಟೆಯ ಉಜ್ಜಾಟ ತನ್ನ ಪಾಲನ್ನು ಕಳೆದುಕೊಳ್ಳುತ್ತದೆ. ಭಾರವನ್ನು ಎರಡು ಕಾಲಿನ ಸರಪಳಿಯಲ್ಲಿ ಎತ್ತುವಾಗ ಕಾಲುಗಳ ನಡುವಿನ ಕೋನ 60 ಡಿಗ್ರಿಯಿದ್ದರೆ 100 ಪಾಲು ಭಾರಕ್ಕೆ ಒಂದೊಂದು ಕಾಲಿನ ಮೇಲೆ 58 ಪಾಲು ಬೀಳುತ್ತದೆ. 120 ಡಿಗ್ರಿಗೆ ಅಗಲಿದರೆ ಒಂದೊಂದರ ಮೇಲೂ ಪೂರಾ 100 ಪಾಲು. ಕೋನಮಾಪಕವನ್ನು ಕಾಣದ ತಂದೆ ಇದನ್ನು ‘ಸರಪಳಿ ಚಪ್ಪಟೆ ಆಗ್ಬಾರ್ದು ಕಣೋ’ ಎಂಬ ಒಂದೇ ಮಾತಿನಲ್ಲಿ ಹೇಳಿ ಮುಗಿಸುತ್ತಾನೆ. ಎಲ್ಲಕ್ಕಿಂತ ದೊಡ್ಡ ಪಾಠ ನಿಲ್ಲುವ ಜಾಗದ್ದು. ಬಿಗಿದ ಉಕ್ಕಿನ ಹಗ್ಗ ಹರಿದರೆ ಅದು ಹಗ್ಗವಲ್ಲ, ಕತ್ತಿ. ಅದರ ನೇರದಲ್ಲಾಗಲಿ, ಅದು ಬಾಗಿದ ಒಳಮೂಲೆಯಲ್ಲಾಗಲಿ ನಿಲ್ಲಕೂಡದು. ಉಳಿದ ಪಾಠಗಳಲ್ಲಿ ತಪ್ಪಿದ ಹುಡುಗ ಮತ್ತೆ ಕಲಿಯಬಹುದು. ಇದರಲ್ಲಿ ತಪ್ಪಿದವನಿಗೆ ಎರಡನೆಯ ಪಾಠವಿಲ್ಲ.

ಇಲ್ಲಿಯೇ ಒಂದು ತೊಡಕು ಎದುರಾಗುತ್ತದೆ. ಹಿಂದೆ ಈ ವಿದ್ಯೆ ಎಳವೆಯಲ್ಲಿಯೇ ಆರಂಭವಾಗುತ್ತಿತ್ತು. ಮೀಸೆ ಮೂಡುವ ಮೊದಲೇ ಹುಡುಗ ಸ್ಪ್ಯಾನರು ಹಿಡಿದು ಲಾರಿಯ ಕೆಳಗೆ ಮಲಗಿರುತ್ತಿದ್ದ. ಹಾಗೆ ಕಲಿತವರ ಕೈಯಲ್ಲಿ ಒಂದು ಸಹಜತೆ ಬರುತ್ತಿದ್ದುದು ನಿಜ. ಹಾಗೆ ಕಲಿಯುವಾಗ ಬೆರಳು ಕಳೆದುಕೊಂಡವರೂ, ಶಾಲೆ ಕಳೆದುಕೊಂಡವರೂ ಇದ್ದುದು ಅಷ್ಟೇ ನಿಜ. 2016ರಲ್ಲಿ ತಿದ್ದುಪಡಿಯಾದ ಬಾಲಕಾರ್ಮಿಕ ಕಾಯಿದೆ 14 ತುಂಬದ ಮಕ್ಕಳನ್ನು ದುಡಿಮೆಗೆ ಹಚ್ಚಬಾರದೆನ್ನುತ್ತದೆ. ಮನೆಯ ಉದ್ಯೋಗದಲ್ಲಿ ಶಾಲೆಯ ಬಿಡುವಿನಲ್ಲಿ ನೆರವಾಗುವುದಕ್ಕೂ ಅದು ಅಪಾಯದ ಕೆಲಸವಾಗಿರಬಾರದೆಂಬ ಕಟ್ಟಳೆಯಿದೆ. ಸಾರಿಗೆ ವಾಹನ ನಡೆಸಲು 20 ವರ್ಷ ತುಂಬಬೇಕು. ಕಾಯಿದೆ ನ್ಯಾಯವಾದುದೇ. ಆದರೆ ಅಪ್ಪನ ಕಡೆಯಿಂದ ಕೇಳಿದರೆ ಅವನ ಅಳಲೂ ಸುಳ್ಳಲ್ಲ: ಇಪ್ಪತ್ತರ ಹೊತ್ತಿಗೆ ಮಗ ಕಾಲೇಜು ಮುಗಿಸಿ ಬೆಂಗಳೂರಿನ ಬಸ್ಸು ಹತ್ತಿರುತ್ತಾನೆ. ನಡುರಾತ್ರಿ ಮಳೆಯಲ್ಲಿ ಫೋನು ಬಂದರೆ ಎದ್ದು ಹೋಗುವವರು ಯಾರು?

ಇದಕ್ಕೆ ಪರಿಹಾರ ಹಳ್ಳಿಕಾರರ ಕೊಟ್ಟಿಗೆಯಲ್ಲಿಯೇ ಇದೆಯೆಂದು ತೋರುತ್ತದೆ. ಎಳೆಯ ಹೋರಿಯ ಮೇಲೆ ಅವರು ಎಂದೂ ಭಾರ ಹೇರಲಿಲ್ಲ. ಖಾಲಿ ನೊಗದಿಂದ ಆರಂಭಿಸಿದರು. ಹಾಗೆಯೇ ಹುಡುಗನಿಗೆ ಮೊದಲು ನೋಟವನ್ನು ಕಲಿಸಬಹುದು, ಲೆಕ್ಕವನ್ನು ಕಲಿಸಬಹುದು, ಗಂಟು ಹಾಕುವುದನ್ನು ಕಲಿಸಬಹುದು. ಬಿಗಿದ ಹಗ್ಗದ ಬಳಿಗೆ ಅವನು ಬರುವುದು ಹೆಗಲು ಬಲಿತ ಮೇಲೆ. 1961ರಿಂದ ನಮ್ಮಲ್ಲಿ ಅಪ್ರೆಂಟಿಸ್ ಕಾಯಿದೆ ಇದೆ. ಊರೂರಿನ ಐಟಿಐಗಳಲ್ಲಿ ಫಿಟ್ಟರಿಗೆ, ವೆಲ್ಡರಿಗೆ ಪಾಠವಿರುವಂತೆ ಭಾರ ಎತ್ತುವ ಈ ವಿದ್ಯೆಗೂ ಒಂದು ಪಾಠವಿದ್ದರೆ, ಹಳೆಯ ಮೇಸ್ತ್ರಿಗಳೇ ಅಲ್ಲಿ ಗುರುಗಳಾಗಿ ನಿಂತರೆ, ಮಗನಿಗೆ ಮಾತ್ರವಲ್ಲ, ಮಗಳಿಗೂ, ನೆರೆಮನೆಯ ಹುಡುಗನಿಗೂ ಅದು ದಕ್ಕೀತು. ತಂದೆಯ ವಿದ್ಯೆ ಮನೆಯ ಹೊಸಿಲು ದಾಟಿದರೆ ಅದಕ್ಕೆ ನಷ್ಟವಿಲ್ಲ.

ಸಾವನದುರ್ಗದ ಬುಡದಲ್ಲಿ ಇಂದು ಫಿರಂಗಿಯ ದಾರಿಯನ್ನು ಹುಡುಕಿಕೊಂಡು ಯಾರೂ ಹೋಗುವುದಿಲ್ಲ. ಬರುವವರು ಬಂಡೆ ಹತ್ತುವವರು, ದೇವರ ದರ್ಶನಕ್ಕೆ ಬರುವವರು. ದುರ್ಗ ಕಾದವನ, ದುರ್ಗ ಹಿಡಿದವನ ಕಥೆಗಳು ಪುಸ್ತಕಗಳಲ್ಲಿವೆ. ಮಿಣಿ ಹಿಡಿದು, ಚಕ್ರಕ್ಕೆ ಹೆಗಲು ಕೊಟ್ಟು, ಆ ಬಿದಿರು ಮೆಳೆಯ ನಡುವೆ ಭಾರವನ್ನು ಮುಂದಕ್ಕೆ ಸರಿಸಿದವರ ಕಥೆ ಪುಸ್ತಕದಲ್ಲಿಲ್ಲ. ಅದು ಉಳಿದಿದ್ದರೆ ಕೈಗಳಲ್ಲಿ ಉಳಿದಿದೆ. ಆ ಕೈಗಳು ಮುಂದಿನ ಕೈಗಳನ್ನು ಹುಡುಕುತ್ತಿವೆ.