ಕಾಯಿ ಹಿಂಡಿದ ತುರಿಯಿಂದ ಕುರುಕಲು ತಿಂಡಿ: ಶೆಟ್ಟಿಕೆರೆ ಸೀಮೆಗೆ ಏನು ಸಿಗುತ್ತೆ?

ಕಾಯಿಹಾಲು ಹಿಂಡಿದ ಮೇಲೆ ಉಳಿಯೋ ತುರಿ ನಮ್ಮ ಕಡೆ ಹಸುವಿನ ಕಲಗಚ್ಚಿಗೆ ಹೋಗುತ್ತೆ. ಹಾಲಿನಿಂದ ವರ್ಜಿನ್ ಎಣ್ಣೆ ತೆಗೆಯುವ ಘಟಕಗಳಲ್ಲಿ ಇದೇ ತುರಿ ರಾಶಿಗಟ್ಟಲೆ ಬೀಳುತ್ತದೆ. ನಾರು, ಒಂದಿಷ್ಟು ಕೊಬ್ಬು ಅದರಲ್ಲಿ ಇನ್ನೂ ಇರುತ್ತದೆ. ಕಾಸರಗೋಡಿನ ಸಿಪಿಸಿಆರ್‌ಐ ಸಂಶೋಧನಾ ಸಂಸ್ಥೆ ಅದನ್ನು ಅಕ್ಕಿ ಮತ್ತು ಮೆಕ್ಕೆಜೋಳದ ಹಿಟ್ಟಿಗೆ ಬೆರೆಸಿ, ಬಿಸಿ ಮತ್ತು ಒತ್ತಡದಲ್ಲಿ ಉಬ್ಬಿಸಿ, ಕುರ್ಕುರೆಯಂಥ ತಿಂಡಿ ಮಾಡಿದೆ. ಹೆಸರು ‘ಕಲ್ಪ ಕ್ರಂಚ್’.

ಹಾಗಂತ ಶೆಟ್ಟಿಕೆರೆಯಲ್ಲಿ ನಾಳೆಯೇ ಯಂತ್ರ ಕೂರಿಸಿದರೆ ಆಯ್ತಾ? ಇಲ್ಲ. ಚಿಕ್ಕನಾಯಕನಹಳ್ಳಿ, ತಿಪಟೂರು, ತುರುವೇಕೆರೆ ಉಂಡೆ ಕೊಬ್ಬರಿಯ ಸೀಮೆ. ಕಾಯಿಯನ್ನು ಸಿಪ್ಪೆ ಸಮೇತ ಅಟ್ಟದ ಮೇಲೆ ತಿಂಗಳುಗಟ್ಟಲೆ ಇಡ್ತಾರೆ. ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು ಗುಡುಗುಡು ಅಂದ ಮೇಲೆ ಸುಲಿಯುವುದು. ಹೀಗಾಗಿ ರೈತರ ಮನೆಯಲ್ಲಿ ಉಳಿಯುವುದು ಸಿಪ್ಪೆ, ಚಿಪ್ಪು. ಅವು ನಾರಿಗೆ, ಇದ್ದಿಲಿಗೆ ಆಗುತ್ತವೆ, ಬಾಯಿಗಲ್ಲ. ತಿನ್ನಬಹುದಾದ ಉಳಿಕೆ ಹುಟ್ಟುವುದು ಹಸಿ ಕಾಯಿ ಕೊಳ್ಳುವ ಘಟಕಗಳಲ್ಲಿ. ಕಾಯಿಪುಡಿ ಫ್ಯಾಕ್ಟರಿಗಳಲ್ಲಿ ಹೆರೆದ ಕಂದು ಸಿಪ್ಪೆಯಿಂದ ಎಣ್ಣೆ ತೆಗೀತಾರೆ, ಅದರ ಹಿಂಡಿ ದನಕ್ಕೆ ಹೋಗುತ್ತೆ. ಅಂದರೆ ‘ತ್ಯಾಜ್ಯ’ಕ್ಕೆ ಆಗಲೇ ಗಿರಾಕಿ ಇದ್ದಾರೆ, ಅದು ಪುಕ್ಕಟೆ ಸಿಗಲ್ಲ.

ಹಾಗಾಗಿ ಹಾಲು ಹಿಂಡುವ ಘಟಕ ಯಾರ ಕೈಲಿದೆ ಅನ್ನೋದೇ ಮುಖ್ಯ. 2023ರಲ್ಲಿ ಉಂಡೆ ಕೊಬ್ಬರಿಯ ಬೆಂಬಲ ಬೆಲೆ ಕ್ವಿಂಟಲ್‌ಗೆ 11,750 ರೂಪಾಯಿ, ತಿಪಟೂರು ಮಾರುಕಟ್ಟೆಯಲ್ಲಿ ಸಿಕ್ಕಿದ್ದು 9,000ಕ್ಕೂ ಕಡಿಮೆ. ಬರೀ ಕೊಬ್ಬರಿ ನಂಬಿದವರ ಪಾಡು ಇದು. ಘಟಕ ಖಾಸಗಿಯವರದಾದರೆ ತಿಂಡಿ ಎಷ್ಟೇ ಮಾರಾಟವಾದರೂ ರೈತರಿಗೆ ಸಿಗೋದು ಕಾಯಿಯ ದರ, ಹೆಣ್ಣುಮಕ್ಕಳಿಗೆ ದಿನಗೂಲಿ, ಅಷ್ಟೆ.

2020ರಲ್ಲಿ ಶುರುವಾದ ಪಿಎಂಎಫ್‌ಎಂಇ ಯೋಜನೆ ಇಲ್ಲಿ ಉಪಯೋಗಕ್ಕೆ ಬರುತ್ತದೆ. ತುಮಕೂರು ಜಿಲ್ಲೆಗೆ ಅದರಲ್ಲಿ ಗೊತ್ತಾಗಿರುವ ಉತ್ಪನ್ನ ತೆಂಗು. ಕೇಂದ್ರದ ಸಹಾಯಧನ ಯೋಜನಾ ವೆಚ್ಚದ ಶೇ. 35, ಗರಿಷ್ಠ 10 ಲಕ್ಷ. ಕರ್ನಾಟಕ ಸರ್ಕಾರ ಇನ್ನೂ ಶೇ. 15 ಸೇರಿಸುತ್ತದೆ. ಸ್ವಸಹಾಯ ಸಂಘದ ಸದಸ್ಯೆಯರಿಗೆ ತಲಾ 40,000 ರೂಪಾಯಿವರೆಗೆ ಬೀಜಧನವೂ ಉಂಟು. ಆದರೆ ಇದು ಸಾಲಕ್ಕೆ ಕಟ್ಟಿದ ಸಹಾಯಧನ. ಬ್ಯಾಂಕ್ ಮ್ಯಾನೇಜರ್ ಒಪ್ಪದಿದ್ದರೆ ಯೋಜನೆ ಕಾಗದದಲ್ಲೇ.

ಹಣ ಸಿಕ್ಕಿದರೆ ಮೊದಲು ಕೊಳ್ಳಬೇಕಾದ್ದು ಉಬ್ಬಿಸುವ ಯಂತ್ರವಲ್ಲ, ಡ್ರೈಯರ್. ಹಸಿ ತುರಿ ಬೇಗ ಹುಳಿಯುತ್ತೆ, ಅವತ್ತಿಂದವತ್ತೇ ಒಣಗಿಸಬೇಕು. ಕೊಬ್ಬಿನಂಶ ಇರೋದರಿಂದ ಗಾಳಿಯಾಡುವ ಪೊಟ್ಟಣದಲ್ಲಿ ಕಮಟು ವಾಸನೆ ಬರುತ್ತೆ. ಕಾಯಿ ಪೂರೈಕೆಯೂ ಒಂದೇ ಸಮ ಇರಲ್ಲ: 2025ರಲ್ಲಿ ಕೊಬ್ಬರಿ ಕ್ವಿಂಟಲ್‌ಗೆ 20 ಸಾವಿರ ದಾಟಿತು. ಅಂಥ ವರ್ಷ ಅಟ್ಟದ ಮೇಲಿನ ಕಾಯಿಯನ್ನು ಕೆಳಗಿಳಿಸಿ ಹಾಲು ಹಿಂಡೋಕೆ ಯಾರು ಕೊಡ್ತಾರೆ?