ಈಪ್ರ್ ಕದನದಲ್ಲಿ ವಿಷಾನಿಲ ಮತ್ತು ಸೈನ್ಯಸಿದ್ಧತೆ

ಸಾಮೂಹಿಕ ವಿನಾಶಸಾಧನಗಳ ಇತಿಹಾಸದಲ್ಲಿ ೧೯೧೫ರ ಏಪ್ರಿಲ್ ೨೨ ಮುಖ್ಯವಾದ ದಿನ. ಅಂದು ಸಂಜೆ ಬೆಲ್ಜಿಯಂ ದೇಶದ ಈಪ್ರ್ ಪಟ್ಟಣದ ಬಳಿ ಜರ್ಮನ್ ಸೈನ್ಯವು ಸುಮಾರು ೧೫೦ ಟನ್ ಕ್ಲೋರಿನ್ ಅನಿಲವನ್ನು ಗಾಳಿಗೆ ಬಿಟ್ಟಿತು. ಫ್ರೆಂಚರ ಎರಡು ಡಿವಿಷನ್‌ಗಳ ಸಾಲು ಸ್ವಲ್ಪ ಹೊತ್ತಿನಲ್ಲೇ ಮುರಿದುಬಿದ್ದಿತು. ಈ ಪ್ರಸಂಗವನ್ನು ಅನಿರೀಕ್ಷಿತ ಆಘಾತವೆಂದು ವರ್ಣಿಸುವುದು ವಾಡಿಕೆ. ಆದರೆ ಸಾಕ್ಷ್ಯಗಳನ್ನು ಪರಿಶೀಲಿಸಿದರೆ ಈ ಮಾತು ಅರ್ಧಸತ್ಯವೆಂದೇ ತೋರುತ್ತದೆ.

ಅದಕ್ಕೆ ಒಂದು ವಾರ ಮುಂಚೆ ಔಗುಸ್ಟ್ ಯೇಗರ್ ಎಂಬ ಜರ್ಮನ್ ಸಿಪಾಯಿ ತನ್ನ ಪಡೆಯನ್ನು ತೊರೆದು ಫ್ರೆಂಚರ ಕೈಸೇರಿದ್ದನು. ಪ್ರತಿ ೪೦ ಮೀಟರಿಗೆ ೨೦ ಅನಿಲಪಾತ್ರೆಗಳನ್ನು ಕಂದಕಗಳಲ್ಲಿ ಇರಿಸಲಾಗಿದೆಯೆಂದು ಅವನು ತಿಳಿಸಿದುದಲ್ಲದೆ, ಉಸಿರಾಟದ ರಕ್ಷಣೆಗಾಗಿ ತನಗೆ ಕೊಟ್ಟಿದ್ದ ಮೆತ್ತೆಯೂ ಅವನ ಬಳಿ ಇದ್ದಿತು. ಶತ್ರುವಿನ ಆಯುಧ ಕಣ್ಣಿಗೆ ಬೀಳದಿದ್ದರೂ ಅದಕ್ಕೆ ಪ್ರತಿಯಾದ ಸಾಧನ ಹೀಗೆ ಕೈಗೆ ಸಿಕ್ಕಿತ್ತು. ಇದಕ್ಕಿಂತ ಮಿಗಿಲಾದ ಪ್ರಮಾಣ ಬೇಕಿತ್ತೆ? ಅಲ್ಲಿನ ಫ್ರೆಂಚ್ ಸೇನಾನಿ ಜನರಲ್ ಫೆರಿ ನೆರೆಯ ಬ್ರಿಟಿಷ್ ಡಿವಿಷನ್ನಿಗೆ ಸುದ್ದಿ ಮುಟ್ಟಿಸಿದನು. ಮೇಲಧಿಕಾರಿಗಳಾದರೋ ಅದನ್ನು ಲಘುವಾಗಿ ಕಂಡು, ಮಿತ್ರಸೈನ್ಯಕ್ಕೆ ನೇರವಾಗಿ ತಿಳಿಸಿದುದಕ್ಕಾಗಿ ಅವನನ್ನೇ ಆಕ್ಷೇಪಿಸಿದರು. ಅನುಕೂಲವಾದ ಗಾಳಿ ಬೀಸದೆ ದಾಳಿಯು ಮುಂದಕ್ಕೆ ಹೋದುದರಿಂದ ಅಪನಂಬಿಕೆ ಇನ್ನಷ್ಟು ಬಲವಾಯಿತು. (೧೯೩೦ರಲ್ಲಿ ಫೆರಿ ಈ ಸಂಗತಿಯನ್ನು ಪ್ರಕಟಿಸುವಾಗ ಯೇಗರನ ಹೆಸರನ್ನೂ ಬರೆದುಬಿಟ್ಟನು, ೧೯೩೨ರಲ್ಲಿ ಜರ್ಮನ್ ನ್ಯಾಯಾಲಯವು ಆ ಸಿಪಾಯಿಗೆ ಹತ್ತು ವರ್ಷಗಳ ಸೆರೆವಾಸವನ್ನು ವಿಧಿಸಿತು.)

ಈ ಉದಾಸೀನದ ಬೆಲೆ ತೆತ್ತವರಲ್ಲಿ ಭಾರತೀಯರೂ ಇದ್ದರು. ಏಪ್ರಿಲ್ ೨೬ರಂದು ಲಾಹೋರ್ ಡಿವಿಷನ್ ಮುನ್ನುಗ್ಗಿದಾಗ ಜರ್ಮನರು ಮತ್ತೆ ಅನಿಲ ಬಿಟ್ಟರು. ಮೊದಲ ದಾಳಿಯಾಗಿ ನಾಲ್ಕು ದಿನ ಕಳೆದಿದ್ದರೂ ಸಿಪಾಯಿಗಳಿಗೆ ಒದ್ದೆ ಬಟ್ಟೆಯ ಹೊರತು ಬೇರೆ ರಕ್ಷಣೆಯಿರಲಿಲ್ಲ. ಜಮಾದಾರ್ ಮೀರ್ ದಸ್ತ್ ಅಳಿದುಳಿದವರನ್ನು ಕೂಡಿಸಿಕೊಂಡು, ಗುಂಡಿನ ಮಳೆಯಲ್ಲಿ ಎಂಟು ಮಂದಿ ಬ್ರಿಟಿಷ್ ಹಾಗೂ ಭಾರತೀಯ ಅಧಿಕಾರಿಗಳನ್ನು ಸುರಕ್ಷಿತ ಸ್ಥಳಕ್ಕೆ ಸಾಗಿಸಲು ನೆರವಾದನು. ಅವನಿಗೆ ವಿಕ್ಟೋರಿಯಾ ಕ್ರಾಸ್ ಪದಕ ಸಂದಿತಾದರೂ ಅನಿಲದ ಬಾಧೆಯನ್ನು ಅನುಭವಿಸುವುದು ತಪ್ಪಲಿಲ್ಲ.

ಅನಂತರದ ಸಿದ್ಧತೆ ತ್ವರಿತವಾಗಿಯೇ ನಡೆಯಿತು. ಬ್ರಿಟಿಷರು ಮೊದಲು ಹೈಪೋ ದ್ರಾವಣದಲ್ಲಿ ನೆನೆಸಿದ ಮೆತ್ತೆಯನ್ನೂ, ಬಳಿಕ ತಲೆಯನ್ನೇ ಮುಚ್ಚುವ ಫ್ಲಾನೆಲ್ ಮುಸುಕನ್ನೂ, ೧೯೧೬ರಲ್ಲಿ ಇದ್ದಿಲು ತುಂಬಿದ ಪೆಟ್ಟಿಗೆಗೆ ಕೊಳವೆ ಜೋಡಿಸಿದ ಮುಖಕವಚವನ್ನೂ ಹಂಚಿದರು. ಈ ಕೊನೆಯದು ಉತ್ತಮ ಸಾಧನವೆಂಬುದರಲ್ಲಿ ಸಂದೇಹವಿಲ್ಲ. ಆದರೆ ೧೯೧೭ರ ಜುಲೈ ತಿಂಗಳಲ್ಲಿ ಅದೇ ಈಪ್ರ್ ಬಳಿ ಜರ್ಮನರು ಸಾಸಿವೆ ಅನಿಲವನ್ನು ಪ್ರಯೋಗಿಸಿದರು. ಅದು ಬರಿಯ ಶ್ವಾಸಕೋಶವನ್ನಲ್ಲದೆ ಕಣ್ಣನ್ನೂ ಚರ್ಮವನ್ನೂ ಸುಡುವಂಥದು. ಮಣ್ಣಿನಲ್ಲಿ ದಿನಗಟ್ಟಲೆ ನಿಲ್ಲುವಂಥದು. ನೆಲಕ್ಕೆ ಬ್ಲೀಚಿಂಗ್ ಪುಡಿ ಎರಚುವುದನ್ನೂ, ಸೋಂಕಿದ ಉಡುಪನ್ನು ಕಳಚಿಸಿ ಮೈ ತೊಳೆಸುವುದನ್ನೂ ಸೈನ್ಯಗಳು ಯುದ್ಧದ ನಡುವೆಯೇ ಕಲಿಯಬೇಕಾಯಿತು.